ಹಿಮ್ಮಡಿಯ ಬೆಳಕು

ಡಾಕ್ಟರ್ ಮಾ ತೆಸಿಕ್ ಅವರ ಬಾಳಿನಲ್ಲಿ ಕಷ್ಟಗಳೆಲ್ಲ ಮೇಲಿನಿಂದಲೇ ಇಳಿದು ಬಂದವು. ಸಂಶೋಧನಾಲಯದಲ್ಲಿ ಮೇಲಧಿಕಾರಿ, ಮನೆಯಲ್ಲಿ ಮೇಲಿನ ಮಹಡಿ. ಮೇಲಧಿಕಾರಿಯಾದರೂ ಸಂಜೆ ಐದೂವರೆಗೆ ಕೋಟು ಹಾಕಿಕೊಂಡು ಹೊರಟುಬಿಡುತ್ತಿದ್ದರು. ಮೇಲಿನ ಮಹಡಿ ಆರು ಗಂಟೆಗೆ ಕೆಲಸ ಶುರು ಮಾಡುತ್ತಿತ್ತು.

ದಢ್. ದಢ್. ದಢ್.

(ಡಾಕ್ಟರ್ ಎಂದರೆ ಜ್ವರಕ್ಕೆ ಮದ್ದು ಕೊಡುವ ಡಾಕ್ಟರಲ್ಲ. ಒಮ್ಮೆ ಲಿಫ್ಟಿನಲ್ಲಿ ಏಳನೇ ಮಹಡಿಯವರೊಬ್ಬರು ಬಾಯಿ ತೆರೆದು ನಾಲಿಗೆ ಚಾಚಿದ್ದರು. ನಮ್ಮ ಡಾಕ್ಟರು ಗಾಬರಿಯಾಗಿ ಮೂರನೇ ಮಹಡಿಗೇ ಇಳಿದುಕೊಂಡರು.)

ದೇಜಾನ್ ನಗರದ ಆ ಸಂಶೋಧನಾಲಯದಲ್ಲಿ ಅವರು ಹನ್ನೆರಡು ವರ್ಷಗಳಿಂದ ಒಂದು ತೆಳ್ಳನೆಯ ಹಾಳೆಯ ಬೆನ್ನು ಹತ್ತಿದ್ದರು. ಅದಕ್ಕೆ ತಂತಿ ಇಲ್ಲ, ಬ್ಯಾಟರಿ ಇಲ್ಲ. ಬೆರಳಿನಿಂದ ಕುಟ್ಟಿದರೆ ಕುಟ್ಟಿದ ಜಾಗದಲ್ಲಿ ಬೆಳಗುತ್ತದೆ. ಹತ್ತಿರ ಸದ್ದಾದರೆ ಆ ಸದ್ದಿಗೇ ನಡುಗಿ ಬೆಳಗುತ್ತದೆ. ಚಳಿಗಾಲದಲ್ಲಿ ಉಣ್ಣೆಯ ಸ್ವೆಟರ್ ಬಿಚ್ಚುವಾಗ ಚಟಚಟ ಎನ್ನುತ್ತದಲ್ಲ, ಆ ಚಟಚಟವನ್ನೇ ಎರಡು ಪದರಗಳ ನಡುವೆ ಕೂಡಿಹಾಕಿ, ಅದರಿಂದ ಒಂದು ಪುಡಿಯನ್ನು ಮಿನುಗಿಸುವುದು ಅದರ ಗುಟ್ಟು. ಮುಂದೊಂದು ದಿನ ಸೇತುವೆಗಳು ತಮ್ಮ ಬಿರುಕನ್ನು ತಾವೇ ಬೆಳಕಿನಲ್ಲಿ ಬರೆದು ತೋರಿಸುತ್ತವೆ, ಕಿವಿ ಕೇಳದವರು ಮಗುವಿನ ಅಳುವನ್ನು ಕಣ್ಣಿನಿಂದ ಕೇಳುತ್ತಾರೆ ಎಂದು ಡಾಕ್ಟರು ಕನಸು ಕಂಡಿದ್ದರು. ಮನೆಯಲ್ಲಿ ಮಾತ್ರ ಆ ಹಾಳೆಗೆ 'ಸ್ಟಿಕರ್' ಎಂದು ಹೆಸರಾಗಿತ್ತು. ಹೆಸರಿಟ್ಟವರು ಅವರ ಹೆಂಡತಿ ಮಿರಾನ್.

"ಕೇಳಿಸ್ತಾ?" ಎಂದರು ಡಾಕ್ಟರು ಒಂದು ಸಂಜೆ, ಚಾವಣಿಯ ಕಡೆ ಬೆರಳು ತೋರಿಸುತ್ತಾ.

"ಕೇಳಿಸ್ತು. ಯಾರೋ ಬೆಳ್ಳುಳ್ಳಿ ಕುಟ್ತಿರಬೇಕು."

"ಬೆಳ್ಳುಳ್ಳಿಯನ್ನ ಕೋಪದಲ್ಲಿ ಕುಟ್ತಾರಾ? ಇದರಲ್ಲಿ ಕೋಪ ಇದೆ ಮಿರಾನ್. ದ್ವೇಷ ಇದೆ."

"ಬೆಳ್ಳುಳ್ಳಿ ಮೇಲಾ?"

"ನನ್ನ ಮೇಲೆ! ನಾನು ಕೂತಿದ್ರೆ ಸುಮ್ಮನಿರುತ್ತೆ. ಎದ್ದು ನಾಳೆಯ ಭಾಷಣ ಅಭ್ಯಾಸ ಮಾಡೋಣ ಅಂತ ನಾಲ್ಕು ಹೆಜ್ಜೆ ಹಾಕ್ದೆ ಅಂದ್ರೆ ಶುರು."

ಯೋಚನೆ ಎಂಬುದು ಹಿಮ್ಮಡಿಯಿಂದ ಹೊರಟು ಬೆನ್ನುಹುರಿಯ ಮೂಲಕ ತಲೆಗೆ ಏರುತ್ತದೆ ಎಂಬುದು ಡಾಕ್ಟರ ಸಿದ್ಧಾಂತ. ಹಾಗಾಗಿ ದಿನಾ ಸಂಜೆ ಅವರು ಹಾಲಿನಲ್ಲಿ ಈ ಗೋಡೆಯಿಂದ ಆ ಗೋಡೆಗೆ ಹನ್ನೊಂದು ಹೆಜ್ಜೆ, ಆ ಗೋಡೆಯಿಂದ ಈ ಗೋಡೆಗೆ ಹನ್ನೊಂದು ಹೆಜ್ಜೆ ಹಾಕಿ ಯೋಚಿಸುತ್ತಿದ್ದರು. ಎಂಬತ್ತೆಂಟು ಕಿಲೋ ತೂಕದ ಯೋಚನೆ ಅದು.

"ನೋಡಿ ನಾರೆ ಅಪ್ಪ," ಎಂದರು ಮಿರಾನ್. ಮಗಳು ನಾರೆ ಹುಟ್ಟಿದ ಮೇಲೆ ಅವರು ಗಂಡನನ್ನು ಬೇರೆ ಹೆಸರಿನಿಂದ ಕರೆದಿದ್ದಿಲ್ಲ. "ಮೇಲೆ ಇರೋದು ಪಿಲ್ಸುನ್ ಅಜ್ಜಿ ಒಬ್ಬರೇ. ನಲವತ್ತೈದು ಕಿಲೋ ಇದ್ದಾರೆ, ಅದೂ ಕೈಚೀಲ ಸೇರಿಸಿ. ಹತ್ತಿ ಚಪ್ಪಲಿ ಹಾಕ್ಕೊಂಡು ಬೆಕ್ಕಿನ ಹಾಗೆ ಓಡಾಡ್ತಾರೆ. ಅವರ ತಂಟೆಗೆ ಮಾತ್ರ ಹೋಗ್ಬೇಡಿ. ಶುಕ್ರವಾರ ಕೋಸು ಬರುತ್ತೆ. ನಲವತ್ತು ಕೋಸು!"

ಇಲ್ಲಿತ್ತು ನೋಡಿ ಸಂಕಟ. ನವೆಂಬರ್ ಬಂತೆಂದರೆ ಆ ಬ್ಲಾಕಿನ ಪ್ರತಿ ಮನೆಯಲ್ಲೂ ಇಡೀ ಚಳಿಗಾಲಕ್ಕಾಗುವಷ್ಟು ಕಿಮ್ಚಿ ಎಂಬ ಕೋಸಿನ ಉಪ್ಪಿನಕಾಯಿ ಹಾಕಬೇಕು. ಒಂದು ದಿನ ಕೋಸಿಗೆ ಉಪ್ಪು ಹಚ್ಚುವುದು, ಮರುದಿನ ಎಲೆ ಎಲೆಗೂ ಕೆಂಪು ಮಸಾಲೆ ಸವರುವುದು. ಮಿರಾನ್ ಅವರ ಕೈಯಲ್ಲಿ ಆ ಮಸಾಲೆ ಒಂದು ವರ್ಷವೂ ಹದಕ್ಕೆ ಬಂದಿರಲಿಲ್ಲ. ಕಳೆದ ಆರು ವರ್ಷಗಳಿಂದ ಪಿಲ್ಸುನ್ ಅಜ್ಜಿ ಕೆಳಗಿಳಿದು ಬಂದು, ಮಸಾಲೆಯನ್ನು ಬೆರಳ ತುದಿಯಲ್ಲಿ ನೆಕ್ಕಿ, "ಹ್ಞೂಂ, ಇನ್ನೊಂದು ಹಿಡಿ ಸೀಗಡಿ ಉಪ್ಪಿನಕಾಯಿ" ಎಂದು ತೀರ್ಪು ಕೊಟ್ಟಮೇಲೇ ಆ ಮನೆಯ ಕಿಮ್ಚಿ ಕಿಮ್ಚಿಯಾಗುತ್ತಿತ್ತು. ಅಜ್ಜಿ ಮುನಿಸಿಕೊಂಡರೆ ಮುಂದಿನ ನವೆಂಬರ್‌ವರೆಗೆ ಮೂರು ಹೊತ್ತೂ ಮಿರಾನ್ ಕೈರುಚಿ. ಆ ಯೋಚನೆಗೇ ಡಾಕ್ಟರು ಒಂದು ಕ್ಷಣ ಕಣ್ಣು ಮುಚ್ಚಿದರು.

ಆದರೂ ಸತ್ಯ ಎಂಬುದೊಂದಿದೆಯಲ್ಲ!

ಸತ್ಯದ ಪರವಾಗಿ ಗೋಡೆಯ ಸ್ಪೀಕರ್ ಕೂಡ ಮಾತಾಡುತ್ತಿತ್ತು. ಬ್ಲಾಕಿನ ಎಲ್ಲ ಮನೆಗಳಲ್ಲೂ ಬಾಗಿಲ ಪಕ್ಕದಲ್ಲಿ ಆಡಳಿತ ಕಚೇರಿಯವರ ಒಂದು ಸ್ಪೀಕರ್ ಇರುತ್ತದೆ. ತಿಂಗಳಿಗೊಮ್ಮೆಯಾದರೂ ಅದು ಗಂಟಲು ಸರಿಮಾಡಿಕೊಂಡು ಹೇಳುತ್ತಿತ್ತು: "ನೂರಾ ಏಳನೇ ಬ್ಲಾಕಿನ ನಿವಾಸಿಗಳ ಗಮನಕ್ಕೆ. ಒಂದು ಮನೆಯಲ್ಲಿ ಸಂಜೆಯ ಹೊತ್ತು ಹಿಮ್ಮಡಿ ಊರಿ ಜೋರಾಗಿ ನಡೆಯುತ್ತಿರುವುದರಿಂದ ನೆರೆಯವರಿಗೆ ತೊಂದರೆಯಾಗುತ್ತಿದೆ. ದಯವಿಟ್ಟು ಮೆಲ್ಲಗೆ ನಡೆಯಿರಿ." ಯಾವ ಮನೆ ಎಂದು ಮಾತ್ರ ಹೇಳುತ್ತಿರಲಿಲ್ಲ. ಹೆಸರು ಹೇಳಿ ಒಬ್ಬರ ಮಾನ ತೆಗೆಯುವುದು ಅಲ್ಲಿಯ ಪದ್ಧತಿಯಲ್ಲ. ತೊಂದರೆಯಾದವರು ಹೋಗಿ ಬಾಗಿಲು ತಟ್ಟುವಂತೆಯೂ ಇಲ್ಲ. ಇಡೀ ಬ್ಲಾಕಿಗೆ ಒಟ್ಟಾಗಿ ಹೇಳುವುದು. ತಪ್ಪು ಮಾಡಿದವರು ತಾವೇ ಅರ್ಥಮಾಡಿಕೊಳ್ಳುವುದು.

ಡಾಕ್ಟರು ಪ್ರತಿಸಲವೂ ಅರ್ಥಮಾಡಿಕೊಂಡರು. ಸ್ಪೀಕರ್ ಮಾತಾಡುವಾಗ ಹಾಲಿನ ನಡುವೆ ಕೈಕಟ್ಟಿ ನಿಂತು, ತಲೆದೂಗಿ, ಚಾವಣಿಯತ್ತ ನೋಡಿ, "ಕೇಳಿಸ್ಕೊಳ್ಳಿ, ಕೇಳಿಸ್ಕೊಳ್ಳಿ" ಎನ್ನುತ್ತಿದ್ದರು. ಆ ಉತ್ಸಾಹದಲ್ಲಿ ಮತ್ತೆ ಹನ್ನೊಂದು ಹೆಜ್ಜೆ.

ಸೋಮವಾರ ಅವರು ಸಂಶೋಧನಾಲಯದಿಂದ ಒಂದು ಉದ್ದನೆಯ ಸುರುಳಿ ಹೊತ್ತು ತಂದರು. ಏಣಿ ಹತ್ತಿ, ಇಡೀ ಹಾಲಿನ ಚಾವಣಿಗೆ ಹಾಳೆ ಅಂಟಿಸಿದರು. ಮೂರು ಸಲ ಏಣಿ ಅಲುಗಿತು. ಮೂರು ಸಲವೂ ಮಿರಾನ್ ಹಿಡಿದುಕೊಂಡದ್ದು ಏಣಿಯನ್ನಲ್ಲ, ಕೆಳಗಿದ್ದ ಹೂದಾನಿಯನ್ನು.

ಹೊರಗೆ ಕತ್ತಲು ಬೇಗ ಇಳಿಯುವ ಕಾಲ. ಡಾಕ್ಟರು ಪರದೆ ಎಳೆದು ದೀಪ ಆರಿಸಿದರು. ಮೂವರೂ ಚಳಿಗೆಂದು ಅಡಿಯಿಂದ ಕಾಯಿಸಿದ ಬೆಚ್ಚಗಿನ ನೆಲದ ಮೇಲೆ ಅಂಗಾತ ಮಲಗಿದರು. ಸ್ವಲ್ಪ ಹೊತ್ತು ಏನೂ ಇಲ್ಲ. ಆಮೇಲೆ ಹನ್ನೆರಡು ವರ್ಷದ ನಾರೆ ಬೇಸರದಿಂದ, "ಅಪ್ಪಾ, ಎಷ್ಟೊತ್ತು?" ಎಂದಳು.

ಅವಳ ಮಾತು ಚಾವಣಿಯ ಮೇಲೆ ಅರಳಿತು. ಎಳೆ ಹಸಿರು ಬೆಳಕಿನ ಒಂದು ಉಂಗುರ, ಕೊಳಕ್ಕೆ ಹನಿ ಬಿದ್ದಂತೆ, ನಿಧಾನವಾಗಿ ಗೋಡೆಯ ಕಡೆಗೆ ಹರಡಿ ಮಾಯವಾಯಿತು. ನಾರೆ ಉಸಿರು ಬಿಗಿಹಿಡಿದಳು. ಆಮೇಲೆ ಮೆಲ್ಲಗೆ "ಊಂ" ಎಂದಳು. ಇನ್ನೊಂದು ಉಂಗುರ. ಮಿರಾನ್ ನಕ್ಕರು, ಅವರ ನಗು ಸಣ್ಣ ಸಣ್ಣ ಚುಕ್ಕಿಗಳಾಗಿ, ಯಾರೋ ಹೊಲದಲ್ಲಿ ಮಿಂಚುಹುಳಗಳನ್ನು ಎರಚಿದಂತೆ, ಅತ್ತಿತ್ತ ಚೆಲ್ಲಿತು. ಹದಿನೈದು ವರ್ಷ ಸಂಸಾರ ಮಾಡಿದ್ದರೂ ಹೆಂಡತಿಯ ನಗು ಹೀಗಿರುತ್ತದೆ ಎಂದು ಡಾಕ್ಟರಿಗೆ ಗೊತ್ತಿರಲಿಲ್ಲ. ನಾರೆ ಶಾಲೆಯ ಹಾಡೊಂದನ್ನು ಗುನುಗತೊಡಗಿದಳು. ಬೆಳಕು ಅವರ ಮೇಲೆ ತೇಲಿತು, ಮಡಿಸಿಕೊಂಡಿತು, ಬಿಚ್ಚಿಕೊಂಡಿತು. ಐದನೇ ಮಹಡಿಯ ಆ ನಡುಮನೆ ಸಮುದ್ರದ ತಳದಲ್ಲೆಲ್ಲೋ ನಿಂತುಬಿಟ್ಟಿದೆ, ಮೇಲೆ ಅಲೆಗಳು ಹಾಯುತ್ತಿವೆ ಅನ್ನಿಸಿತು. ಮೂವರಲ್ಲಿ ಯಾರಿಗೂ ಏಳುವ ಮನಸ್ಸಿರಲಿಲ್ಲ.

"ಚೆನ್ನಾಗಿದೆ ರೀ, ನಿಮ್ಮ ಸ್ಟಿಕರ್," ಎಂದರು ಮಿರಾನ್, ಪಿಸುದನಿಯಲ್ಲಿ. ಪಿಸುದನಿಗೂ ಒಂದು ಎಳೆ ಬೆಳಕು ಬಂತು.

ಅಲ್ಲಿಗೇ ನಿಲ್ಲಿಸಿದ್ದರೆ ಡಾಕ್ಟರು ಸುಖಪುರುಷರಾಗಿ ಉಳಿಯುತ್ತಿದ್ದರು. ಆದರೆ ವಿಜ್ಞಾನ ಎಲ್ಲಿ ನಿಲ್ಲುತ್ತದೆ? ಎದ್ದು ಹೆಜ್ಜೆ ಹಾಕಿದರು.

ಚಾವಣಿಯಲ್ಲಿ, ನೇರ ಅವರ ತಲೆಯ ಮೇಲೆ, ಒಂದು ಬೆಳಕಿನ ಬೊಟ್ಟು ಮೂಡಿತು. ಇನ್ನೊಂದು ಹೆಜ್ಜೆ ಇಟ್ಟರು. ಬೊಟ್ಟೂ ಮುಂದೆ ಹೋಯಿತು. ನಿಂತರು, ಅದೂ ನಿಂತಿತು. ಹನ್ನೊಂದನೇ ಹೆಜ್ಜೆಗೆ ತಿರುಗಿದರು, ಅದೂ ತಿರುಗಿತು.

"ಸಿಕ್ಕಿಬಿದ್ರು!" ಎಂದು ಡಾಕ್ಟರು ಗರ್ಜಿಸಿದರು. ಚಾವಣಿ ಜಗ್ಗನೆ ಬೆಳಗಿತು. "ನೋಡಿದ್ಯಾ? ನಾನು ಎಲ್ಲಿಗೆ ಹೋದ್ರೆ ಅಜ್ಜಿ ಅಲ್ಲಿಗೇ ಬರ್ತಾರೆ! ಹೆಜ್ಜೆ ಹೆಜ್ಜೆಗೂ ಹಿಂಬಾಲಿಸ್ತಿದ್ದಾರೆ!"

ದಢ್. ದಢ್. ದಢ್.

"ಅಪ್ಪಾ," ಎಂದಳು ನಾರೆ, "ಮೇಲಿದ್ದೋರಿಗೆ ನೀವೆಲ್ಲಿದ್ದೀರಾ ಅಂತ ಹೇಗೆ ಕಾಣಿಸುತ್ತೆ?"

"ಅದೇ ಸಂಶೋಧನೆಯ ಮುಂದಿನ ಹಂತ ಮಗಳೇ."

ಮೂರು ದಿನಗಳಲ್ಲಿ ಮುಂದಿನ ಹಂತವೂ ಮುಗಿದು, ನಕ್ಷೆಗಳ ಸಹಿತ ಇಪ್ಪತ್ತೇಳು ಪುಟಗಳ ವರದಿ ತಯಾರಾಯಿತು. ಅದರ ಸಾರ ಇಷ್ಟು: ಮೇಲೆ ನಡೆಯುವ ವ್ಯಕ್ತಿಯ ತೂಕ ಎಂಬತ್ತೈದರಿಂದ ತೊಂಬತ್ತು ಕಿಲೋ. ಹಿಮ್ಮಡಿ ಊರಿ ನಡೆಯುವ ಅಭ್ಯಾಸ. ಹನ್ನೊಂದು ಹೆಜ್ಜೆಗೊಮ್ಮೆ ತಿರುಗುವುದು. ಬೇರೆಯವರ ನೆಮ್ಮದಿಯ ಪರಿವೆ ಇಲ್ಲದ ಸ್ವಭಾವ.

ವರದಿ ಓದಿದ ಮಿರಾನ್ ಗಂಡನನ್ನು ತಲೆಯಿಂದ ಕಾಲಿನವರೆಗೆ ಒಮ್ಮೆ ನೋಡಿದರು. ಕಾಲಿನ ಹತ್ತಿರ ಸ್ವಲ್ಪ ಹೆಚ್ಚು ಹೊತ್ತು ನೋಡಿದರು.

ಶುಕ್ರವಾರ ಸಂಜೆ ಕೋಸು ಬಂತು, ಅಜ್ಜಿಯೂ ಬಂದರು. ಗುಂಗುರು ಕೂದಲು, ಹೂವಿನ ಪ್ಯಾಂಟು, ಮೊಣಕೈವರೆಗೆ ಕೆಂಪು ರಬ್ಬರ್ ಕೈಗವಸು. ಹಾಲಿನ ನಡುವೆ ಸೀಳಿದ ಕೋಸುಗಳು ದೊಡ್ಡ ಟಬ್ಬುಗಳಲ್ಲಿ ಉಪ್ಪು ಹಚ್ಚಿಸಿಕೊಂಡು ಕುಳಿತಿದ್ದವು. ಅವುಗಳ ಕೆಳಗೆ ಹಾಸಿದ್ದನ್ನು ನೋಡಿ ಡಾಕ್ಟರು ಬೆರಳು ಚಾಚಿದರು.

"ಅದು ನನ್ನ ಹಾಳೆ!"

"ಮಿಕ್ಕಿತ್ತಲ್ಲ. ನೆಲಕ್ಕೆ ಉಪ್ಪುನೀರು ಇಳೀಬಾರ್ದು ಅಂತ ಹಾಸ್ದೆ. ಎಲ್ಲೋ ಒಂದು ಕಡೆ ಉಪಯೋಗಕ್ಕೆ ಬಂತು ಅಂತ ಸಂತೋಷಪಡಿ," ಎಂದರು ಮಿರಾನ್.

ಹನ್ನೆರಡು ವರ್ಷಗಳ ತಪಸ್ಸಿನ ಮೇಲೆ ಕೋಸು ಕೂತಿತ್ತು. ಆ ನೋವಿಗೋ ಏನೋ, ಡಾಕ್ಟರಿಗೆ ತಡೆಯಲಾಗಲಿಲ್ಲ. ಮಿರಾನ್ ಕಣ್ಸನ್ನೆ ಮಾಡಿದರು, ಕೆಮ್ಮಿದರು, ಕೊನೆಗೆ ಒಂದು ಮೂಲಂಗಿಯನ್ನೇ ಎತ್ತಿ ತೋರಿಸಿದರು. ಡಾಕ್ಟರು ವರದಿಯನ್ನು ಎರಡೂ ಕೈಯಲ್ಲಿ ಹಿಡಿದು, ವಿನಯದಿಂದ ಬಾಗಿ, ಅಜ್ಜಿಗೆ ಒಪ್ಪಿಸಿಯೇಬಿಟ್ಟರು. ಅಜ್ಜಿ ಕನ್ನಡಕ ತಂದಿರಲಿಲ್ಲವಾಗಿ ಡಾಕ್ಟರೇ ಹಾಲಿನ ಉದ್ದಕ್ಕೂ ನಡೆದಾಡುತ್ತಾ ಸಾರಾಂಶವನ್ನು ಬಾಯಲ್ಲೂ ವಿವರಿಸಿದರು. ವಿವರಿಸಿ, ತೃಪ್ತಿಯಿಂದ ಸೋಫಾದಲ್ಲಿ ಕುಳಿತರು.

ಅಜ್ಜಿ ಕೇಳಿಸಿಕೊಂಡರು. ಆಮೇಲೆ ಒಂದೊಂದೇ ಬೆರಳು ಎಳೆದು ಕೈಗವಸು ಬಿಚ್ಚತೊಡಗಿದರು.

"ತೊಂಬತ್ತು ಕಿಲೋನಾ ಡಾಕ್ಟರಪ್ಪಾ? ನಾನು?"

"ಅಂದಾಜು ಅಜ್ಜಿ. ಎರಡು ಮೂರು ಕಿಲೋ ಹೆಚ್ಚುಕಡಿಮೆ."

"ಮೇಲಿಂದ ನಿಮ್ಮನ್ನ ಹೆಜ್ಜೆ ಹೆಜ್ಜೆಗೂ ಹಿಂಬಾಲಿಸ್ತೀನಾ? ನೀವೇನು ಮದುವೆ ಗಂಡಾ? ನಮ್ಮೆಜಮಾನ್ರನ್ನೇ ನಾನು ಹಿಂಬಾಲಿಸ್ದೋಳಲ್ಲ." ಅಜ್ಜಿ ಎರಡನೇ ಕೈಗವಸನ್ನೂ ಎಳೆದು ತೆಗೆದರು. "ಎಪ್ಪತ್ತೆಂಟು ವರ್ಷ ಆಯ್ತು. ಕೆಳಗಿದ್ದೋರಿಗೆ ಕೇಳಿಸ್ಬಾರ್ದು ಅಂತ ಕುರ್ಚಿ ಕಾಲಿಗೂ ಸಾಕ್ಸ್ ಹಾಕಿದ್ದೀನಿ ನಾನು. ಬರ್ತೀನಿ ಮಿರಾನ್. ಮಸಾಲೆ ನೀನೇ ಕಲೆಸ್ಕೋಮ್ಮಾ."

ಅಜ್ಜಿ ಎದ್ದರು. ಮಿರಾನ್ ಹಿಂದೆಯೇ ಧಾವಿಸಿದರು. "ಅಜ್ಜೀ, ಹಾಗನ್ಬೇಡಿ, ಇವರಿಗೆ ಏನೋ..." ಎಂದು ಕೈಹಿಡಿದರೂ ಅಜ್ಜಿಯ ಒಂದು ಕಾಲು ಆಗಲೇ ಚಪ್ಪಲಿಯೊಳಗಿತ್ತು. ಡಾಕ್ಟರ ಕಣ್ಣಮುಂದೆ ಮುಂದಿನ ಒಂದು ವರ್ಷದ ಊಟ ಮೆರವಣಿಗೆ ಹೊರಟಿತು. ಕೊನೆಯ ಪ್ರಯತ್ನವಾಗಿ ಅವರು, "ಅಜ್ಜಿ, ಕೋಪ ಬೇಡ, ಬೆಳಕನ್ನಾದ್ರೂ ಒಂದ್ಸಲ ನೋಡ್ಕೊಂಡು ಹೋಗಿ. ಅದಕ್ಕೆ ಸುಳ್ಳು ಹೇಳೋಕೆ ಬರಲ್ಲ," ಎಂದು ಕೂತಲ್ಲಿಂದಲೇ ಕೈಚಾಚಿ ದೀಪ ಆರಿಸಿದರು.

ಕತ್ತಲಾಯಿತು.

ದಢ್. ದಢ್. ದಢ್.

"ಕೇಳಿದ್ರಾ! ಇದೇ!" ಎಂದು ಡಾಕ್ಟರು ಉಬ್ಬಿದರು. ಅವರ ಮಾತಿಗೆ ಚಾವಣಿ ಮಿನುಗಿ ಆರಿತು. ಆಮೇಲೆ ಅವರಿಗೇ ಏನೋ ಹೊಳೆದಂತಾಗಿ, ಬಾಯಿ ತೆರೆದೇ ಉಳಿಯಿತು.

"ಕೇಳ್ದೆ," ಎಂದರು ಅಜ್ಜಿ, ಬಾಗಿಲ ಬಳಿಯಿಂದ. "ಈಗ ಮೇಲೆ ಇರೋದು ನಮ್ಮೆಜಮಾನ್ರ ಫೋಟೊ ಒಂದೇ. ಬದುಕಿದ್ದಾಗ್ಲೇ ಅವರು ಸೋಫಾ ಬಿಟ್ಟು ಏಳ್ತಿರಲಿಲ್ಲ."

ದಢ್. ದಢ್.

ಚಾವಣಿಯಲ್ಲಿ ಮಂಕು ಮಿನುಗು ಬಿಟ್ಟರೆ ಬೊಟ್ಟಿನ ಸುಳಿವಿಲ್ಲ. "ಅಮ್ಮಾ," ಎಂದಳು ನಾರೆ ಮೆಲ್ಲಗೆ, "ಕೋಸು ನೋಡು."

ಎಲ್ಲರೂ ಕೆಳಗೆ ನೋಡಿದರು. ಟಬ್ಬುಗಳ ಅಡಿಯಿಂದ ಬೆಳಕು ಉಕ್ಕುತ್ತಿತ್ತು. ದಢ್ ಎಂದಾಗಲೆಲ್ಲ ನೆಲದ ಹಾಳೆ ಹಸಿರಾಗಿ ಹೊತ್ತಿಕೊಂಡು, ಆ ಬೆಳಕು ತೆಳು ಪ್ಲಾಸ್ಟಿಕ್ ಟಬ್ಬುಗಳನ್ನು ಹಾದು, ಎಲೆ ಎಲೆಗಳ ನಡುವೆ ಏರಿ, ನಲವತ್ತು ಕೋಸುಗಳೂ ಒಳಗಿನಿಂದ ಬೆಳಗುವ ಕಾಗದದ ಗೂಡುದೀಪಗಳಾಗುತ್ತಿದ್ದವು. ಉಪ್ಪಿನ ಹರಳುಗಳು ನಕ್ಷತ್ರಗಳಂತೆ ಹೊಳೆದು ಆರುತ್ತಿದ್ದವು. ಎಷ್ಟು ಚಂದವಿತ್ತೆಂದರೆ, ಅದರ ಅರ್ಥ ಏನೆಂದು ಹೊಳೆಯಲು ಎಲ್ಲರಿಗೂ ಸ್ವಲ್ಪ ಹೊತ್ತು ಹಿಡಿಯಿತು.

"ಕೆಳಗಿಂದ," ಎಂದರು ಮಿರಾನ್.

"ಅಯ್ಯೋ, ನಾಲ್ಕನೇ ಮಹಡಿಯ ಯೋಮ್!" ಅಜ್ಜಿ ಹಣೆ ಬಡಿದುಕೊಂಡರು. "ಬಸ್ಸು ಓಡಿಸ್ತಿದ್ದೋರು, ರಿಟೈರ್ ಆಗಿದ್ದಾರಲ್ಲ. ಪಾರ್ಕಿನಲ್ಲಿ ಸಿಕ್ಕಾಗಲೆಲ್ಲ ಅಂತಾರೆ, ನನ್ನ ತಲೆ ಮೇಲೆ ಒಬ್ಬ ದಿನಾ ಸಂಜೆ ಗದ್ದೆ ಉಳ್ತಾನೆ ಅಂತ. ಹೋಗಿ ಹೇಳೋಕೆ ಸಂಕೋಚ. ತಿಂಗಳು ತಿಂಗಳೂ ಆಫೀಸಿಗೆ ಹೇಳ್ತಾರಂತೆ, ಅವರು ಸ್ಪೀಕರಲ್ಲಿ ಹೇಳ್ತಾರಂತೆ, ಆಮೇಲೆ ಆ ಮನುಷ್ಯ ಇನ್ನೂ ಜೋರಾಗಿ ನಡೀತಾನಂತೆ! ತಡೀಲಾರದೆ ಪೊರಕೆ ಹಿಡಿಯಿಂದ ಚಾವಣಿ ಕುಟ್ತಾರೆ."

ಮಿರಾನ್ ಗಂಡನ ಕಡೆ ತಿರುಗಿದರು.

"ಅಪ್ಪಾ," ಎಂದಳು ನಾರೆ, "ಈಗ ಒಂದ್ಸಲ ನಡೀರಿ."

"ಯಾಕೆ?"

"ಅಜ್ಜಿ ಇಲ್ಲೇ ಇದ್ದಾರಲ್ಲ."

ಡಾಕ್ಟರು ಎದ್ದು ನಡೆದರು. ಒಂದು ಹೆಜ್ಜೆ. ಚಾವಣಿಯಲ್ಲಿ, ನೇರ ಅವರ ತಲೆಯ ಮೇಲೆ, ಒಂದು ದುಂಡನೆಯ ಬೊಟ್ಟು. ಇನ್ನೊಂದು ಹೆಜ್ಜೆ, ಇನ್ನೊಂದು ಬೊಟ್ಟು. ಹನ್ನೊಂದನೆಯದಕ್ಕೆ ತಿರುಗಿದರು. ಮೇಲೆ ಯಾರೂ ಇರಲಿಲ್ಲ. ಸ್ವಂತ ಹಿಮ್ಮಡಿಯ ಸದ್ದೇ ಇಷ್ಟು ದಿನ ನಿಷ್ಠೆಯಿಂದ ಅವರನ್ನು ಹಿಂಬಾಲಿಸುತ್ತಿತ್ತು.

"ಬೇರೆಯವರ ನೆಮ್ಮದಿಯ ಪರಿವೆ ಇಲ್ಲದ ಸ್ವಭಾವ," ಎಂದು ಮಿರಾನ್ ಕತ್ತಲಲ್ಲಿ ನೆನಪಿನಿಂದ ಒಪ್ಪಿಸಿದರು. "ವರದಿ ಬಹಳ ಚೆನ್ನಾಗಿದೆ ರೀ. ಒಂದಕ್ಷರ ತಪ್ಪಿಲ್ಲ."

ಡಾಕ್ಟರು ಅಜ್ಜಿಯ ಮುಂದೆ ಸೊಂಟ ಮುರಿಯುವಷ್ಟು ಬಾಗಿದರು. ಬಾಗಿದವರು ಏಳಲೇ ಇಲ್ಲ. ಅಜ್ಜಿ ಬಹಳ ಹೊತ್ತು ಅವರ ನೆತ್ತಿಯ ಬೋಳನ್ನು ನೋಡಿ, ನಿಟ್ಟುಸಿರು ಬಿಟ್ಟು, ಚಪ್ಪಲಿಯಿಂದ ಕಾಲು ತೆಗೆದರು.

"ನಾಳೆ ಬರ್ತೀನಿ. ಆದ್ರೆ ಮಸಾಲೆ ಹಚ್ಚೋಕೆ ಡಾಕ್ಟರಪ್ಪನೂ ಕೂರ್ಬೇಕು. ಮೊದಲನೇ ಬಟ್ಟಲು ಕೆಳಗಡೆ ಯೋಮ್ ಮನೆಗೆ, ಇವರೇ ತಗೊಂಡು ಹೋಗ್ಬೇಕು. ಅಡುಗೆಮನೆಯಿಂದ ಬಾಗಿಲವರೆಗೂ ಈ ಸ್ಟಿಕರ್ ಹಾಸಿ. ಅದು ಹೊತ್ಕೊಳ್ಳದ ಹಾಗೆ ನಡೆಯೋದು ಕಲೀಲಿ. ಒಂದ್ಸಲ ಹೊತ್ಕೊಂಡ್ರೆ ಒಂದು ಕೋಸು ಹೆಚ್ಚಿಗೆ."

ಶನಿವಾರ ಸಂಜೆಯ ಆ ದೃಶ್ಯವನ್ನು ಸಂಶೋಧನಾಲಯದವರು ನೋಡಬೇಕಿತ್ತು. ಬೆಳಗುವಂತೆ ಮಾಡಲು ಹನ್ನೆರಡು ವರ್ಷ ಸವೆಸಿದ ಹಾಳೆಯ ಮೇಲೆ, ಬೆಳಗಬಾರದು ಎಂದು ಬೇಡಿಕೊಳ್ಳುತ್ತಾ, ಡಾಕ್ಟರ್ ಮಾ ತೆಸಿಕ್ ತುದಿಗಾಲಲ್ಲಿ ನಡೆಯುತ್ತಿದ್ದರು. ಮಗಳು ಪ್ರತಿಸಲವೂ ದೀಪ ಆರಿಸುತ್ತಿದ್ದಳು. ಮೊದಲ ಸಲ ಪಾದದಡಿಯಲ್ಲಿ ಪೂರ್ಣಚಂದ್ರ ಮೂಡಿತು. ಎರಡನೇ ಸಲ ಅರ್ಧಚಂದ್ರ. ಪ್ರತಿ ಚಂದ್ರನಿಗೂ ಒಂದು ಕೋಸು ಅವರ ಪಾಲಿಗೆ ಬಂದು ಬೀಳುತ್ತಿತ್ತು. ಮೊಣಕೈವರೆಗೆ ಕೆಂಪಾಗಿ, ಮೆಣಸಿನ ಘಾಟಿಗೆ ಕಣ್ಣಲ್ಲಿ ನೀರು ಸುರಿಸುತ್ತಾ ಅವರು ಎಲೆ ಎಲೆಗೂ ಮಸಾಲೆ ಸವರಿ, ಮತ್ತೆ ಎದ್ದು, ಮತ್ತೆ ನಡೆಯುತ್ತಿದ್ದರು. ಐದನೇ ಸಲಕ್ಕೆ ಚಂದ್ರನ ಬರೀ ಗೆರೆ ಉಳಿಯಿತು.

ಆರನೇ ಸಲ, ಯೋಮ್ ಅವರ ಬಟ್ಟಲನ್ನು ಎರಡೂ ಕೈಯಲ್ಲಿ ಹಿಡಿದು, ಉಸಿರನ್ನೂ ಒಳಗೇ ಇಟ್ಟುಕೊಂಡು ಹೊರಟರು. ಕತ್ತಲು. ಕತ್ತಲು. ಮತ್ತೂ ಕತ್ತಲು. ಬೆಚ್ಚಗಿನ ನೆಲದ ಮೇಲೆ ಅವರು ನಡೆಯುತ್ತಿರಲಿಲ್ಲ, ತೇಲುತ್ತಿದ್ದರು. ಈ ಮೌನದಲ್ಲಿ ಎಷ್ಟು ಸುಖವಿದೆ, ಇಷ್ಟು ವರ್ಷ ನನಗೆ ಗೊತ್ತೇ ಆಗಲಿಲ್ಲವಲ್ಲ ಎಂದುಕೊಂಡರು. ಕಾಲ ಕೆಳಗೆ ಯಾವ ಚಂದ್ರನೂ ಹುಟ್ಟಲಿಲ್ಲ. ಬಾಗಿಲು ಕೈಗೆ ಸಿಕ್ಕಿತು.

"ನೋಡಿ!" ಎಂದು ಡಾಕ್ಟರು ಆನಂದದಿಂದ ಕೂಗಿದರು. "ಒಂದು ಚೂರೂ ಬೆಳಕಿಲ್ಲ!"

ಚಾವಣಿ ಈ ಮೂಲೆಯಿಂದ ಆ ಮೂಲೆಗೆ ಹೊತ್ತಿಕೊಂಡಿತು. ನೆಲ ಅಡುಗೆಮನೆಯಿಂದ ಬಾಗಿಲವರೆಗೆ ಹೊತ್ತಿಕೊಂಡಿತು. ಬಟ್ಟಲು ಹಿಡಿದು ನಿಂತ ಡಾಕ್ಟರ ಹಲ್ಲು, ಮೂಗಿನ ತುದಿಯ ಮಸಾಲೆ, ಎಲ್ಲವೂ ಹಸಿರು ಬೆಳಕಿನಲ್ಲಿ ಸ್ಪಷ್ಟವಾಗಿ ಕಾಣಿಸಿದವು.

"ಎಷ್ಟು ಉಳಿದಿದೆಯಮ್ಮಾ?" ಎಂದು ಅಜ್ಜಿ ಮಿರಾನ್ ಅವರನ್ನು ಕೇಳಿದರು.

"ಹದಿನೇಳು ಅಜ್ಜಿ."

ಅಜ್ಜಿ ಸಾವಕಾಶವಾಗಿ ಕೈಗವಸು ಬಿಚ್ಚಿ, ಟಬ್ಬನ್ನು ಡಾಕ್ಟರ ಜಾಗದ ಕಡೆಗೆ ಕಾಲಿನಿಂದ ಮೆಲ್ಲಗೆ ತಳ್ಳಿ, ಸೋಫಾದಲ್ಲಿ ಒರಗಿ ಕುಳಿತು ಚಾವಣಿ ನೋಡತೊಡಗಿದರು.

"ಈಗ ಹಾಡಮ್ಮಾ ನಾರೆ," ಎಂದರು.